ವಿದ್ಯಾರ್ಥಿನಿಯ ಕೈಯಲ್ಲಿ ಕ್ಯಾಮರಾ

ಈ ಸ್ಮರಣ ಸಂಚಿಕೆಗೆ ಲೇಖನಗಳನ್ನು ಕೋರಿ ಹಳೆಯ ವಿದ್ಯಾರ್ಥಿನಿಯರಿಗೆ ನಾವು ಬರೆದ ಪತ್ರಕ್ಕೆ ಉತ್ತರವಾಗಿ, ನಾಲ್ಕು ವರ್ಷಗಳ ಹಿಂದೆ ನಮ್ಮಲ್ಲಿ ಹತ್ತನೆಯ ತರಗತಿಯನ್ನು ಮುಗಿಸಿಹೋದ ಹುಡುಗಿಯೊಬ್ಬಳು ಒಂದು ಸಾಲನ್ನೂ ಬರೆಯದೆ ನಲವತ್ತೆರಡು ಛಾಯಾಚಿತ್ರಗಳನ್ನು ಕಳುಹಿಸಿದ್ದಾಳೆ. ಅವುಗಳಲ್ಲಿ ಬಹುಭಾಗವು ನಮ್ಮ ರಾಬರ್ಟ್‌ಸನ್‌ಪೇಟೆಯ ಸುತ್ತಮುತ್ತಲಿನ ಭೂದೃಶ್ಯಗಳು. ಉಳಿದವು ಆಕೆಯು ವ್ಯಾಸಂಗದ ನಿಮಿತ್ತ ಹೋಗಿಬಂದ ಸ್ಥಳಗಳವು. ಇವುಗಳನ್ನು ಕುರಿತು ಸಂಚಿಕೆಯ ಸಮಿತಿಯಲ್ಲಿ ನಡೆದ ಚರ್ಚೆಯು ಒಂದು ಸಂಜೆಗೆ ಮುಗಿಯಲಿಲ್ಲ. ಚಿತ್ರಗಳು ಚೆನ್ನಾಗಿವೆಯೆಂಬುದನ್ನು ಎಲ್ಲರೂ ಒಪ್ಪಿದರು. ಆದರೆ ಹೆಣ್ಣುಮಗಳೊಬ್ಬಳು ಓದುವ ಕಾಲದಲ್ಲಿ ಕ್ಯಾಮರಾವನ್ನು ಹೆಗಲಿಗೇರಿಸಿಕೊಂಡು ಊರೂರು ಸುತ್ತುವುದನ್ನು ಶಾಲೆಯೇ ಅಚ್ಚುಹಾಕಿಸಿ ಮೆಚ್ಚಿದಂತಾಗದೆ ಎಂದು ಕೆಲವರು. ಅದು ಹೋಗಲಿ, ಸೈನೈಡ್ ದಿಬ್ಬದ ಚಿತ್ರವನ್ನು ಮುಖಪುಟಕ್ಕೆ ಹಾಕಿ ಊರಿನ ಮಾನವನ್ನು ನಾವೇ ಕಳೆಯಬೇಕೆ ಎಂದು ಮತ್ತೆ ಕೆಲವರು. ಹುಡುಗಿಯ ತಾಯಿಯೂ ನಮ್ಮಲ್ಲಿಗೆ ಬಂದು, “ಟೀಚರಮ್ಮಾ, ನೀವು ಹೇಳಿದರೆ ಕೇಳುತ್ತಾಳೆ, ಪರೀಕ್ಷೆ ಮುಗಿಯುವವರೆಗಾದರೂ ಅದನ್ನು ಬೀರುವಿನಲ್ಲಿಡಲು ಹೇಳಿ” ಎಂದು ಬೇಡಿಕೊಂಡರು. ನಾವು ಹಾಗೆ ಹೇಳಲಿಲ್ಲ. ಏಕೆ ಹೇಳಲಿಲ್ಲವೆಂಬುದನ್ನು ಆ ತಾಯಿಗೂ, ಅವರಂತೆಯೇ ಚಿಂತಿಸುತ್ತಿರುವ ಇತರ ತಾಯಿತಂದೆಗಳಿಗೂ ತಿಳಿಸಬೇಕಾದುದು ನಮ್ಮ ಕರ್ತವ್ಯವಾದುದರಿಂದ ಈ ಬರಹ.

ಆಕ್ಷೇಪಣೆಯ ಬಲವಾದ ಭಾಗವನ್ನು ಮೊದಲು ಎತ್ತಿಕೊಳ್ಳುವುದು ನ್ಯಾಯ. ಇಂದು ಮೊಬೈಲು ಇಲ್ಲದ ಮನೆಯಿಲ್ಲ. ಮೊಬೈಲು ಇದ್ದಲ್ಲಿ ಕ್ಯಾಮರಾ ಇದ್ದೇ ಇದೆ. ಚಿತ್ರ ತೆಗೆಯುವೆನೆಂಬ ನೆಪದಲ್ಲಿ ತನ್ನ ಮುಖವನ್ನೇ ದಿನಕ್ಕಿಪ್ಪತ್ತು ಸಲ ತೆಗೆದುಕೊಂಡು, ಅದನ್ನು ಊರಿಗೆಲ್ಲ ಹಂಚಿ, ಎಷ್ಟು ಮಂದಿ ಮೆಚ್ಚಿದರೆಂದು ರಾತ್ರಿ ಹನ್ನೊಂದರವರೆಗೆ ಎಣಿಸುತ್ತ ಕುಳಿತಿರುವ ಮಕ್ಕಳನ್ನು ನಾವೂ ಕಂಡಿದ್ದೇವೆ. ಓಡುವ ರೈಲಿನ ಬಾಗಿಲಲ್ಲಿ ಒಂದು ಕೈಯಿಂದ ಜೋತುಬಿದ್ದು ಇನ್ನೊಂದು ಕೈಯಿಂದ ಚಿತ್ರ ತೆಗೆಯುವ ಹುಚ್ಚಾಟವನ್ನೂ ಕಂಡಿದ್ದೇವೆ. ಇದನ್ನು ಹವ್ಯಾಸವೆಂದು ಕರೆಯಲು ನಮಗೆ ನಾಲಗೆ ಬಾರದು. ತಾಯಂದಿರ ಭಯವು ಹುಟ್ಟಿರುವುದು ಇಲ್ಲಿಂದ. ಅದು ನಿರಾಧಾರವೆಂದು ನಾವು ಹೇಳಲಾರೆವು. ಆದರೆ ಒಂದೇ ಕತ್ತರಿಯಿಂದ ರವಿಕೆಯ ಬಟ್ಟೆಯನ್ನು ಕತ್ತರಿಸುವವರೂ ಇದ್ದಾರೆ, ಪರರ ಜೇಬನ್ನು ಕತ್ತರಿಸುವವರೂ ಇದ್ದಾರೆ. ಕತ್ತರಿಯನ್ನು ಬೀರುವಿನಲ್ಲಿಡುವ ಮೊದಲು ಅದು ಯಾವ ಕೆಲಸಕ್ಕೆ ಬಂದಿದೆಯೆಂದು ನೋಡಬೇಕಷ್ಟೆ.

ಈ ಹುಡುಗಿಯ ಅಜ್ಜನವರು ಚಾಂಪಿಯನ್ ರೀಫ್ ಗಣಿಯಲ್ಲಿ ಇಳಿದು ದುಡಿದವರು. ತಂದೆಯವರು ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಕೆಲಸಗಾರರು. 2001ನೆಯ ಇಸವಿ ಫೆಬ್ರವರಿ 28ರಂದು ಗಣಿಗಳು ಮುಚ್ಚಿದ ತರುವಾಯ ನಮ್ಮ ಊರಿನ ಸಹಸ್ರಾರು ಮನೆಗಳ ಅನ್ನವು ಮಾರಿಕುಪ್ಪಮ್ಮಿನಿಂದ ಹೊರಡುವ ರೈಲಿಗೆ ಕಟ್ಟುಬಿದ್ದಿರುವುದು ವಾಚಕರಿಗೆ ಹೊಸ ಸಂಗತಿಯಲ್ಲ. ನಸುಕಿನಲ್ಲಿ ಹೊರಟು, ಚಾಂಪಿಯನ್, ಊರಿಗಾಂ, ಕೋರಮಂಡಲ್ ನಿಲ್ದಾಣಗಳನ್ನು ದಾಟಿ, ಬಂಗಾರಪೇಟೆಯಲ್ಲಿ ದೊಡ್ಡ ಮಾರ್ಗವನ್ನು ಸೇರಿ, ಟೇಕಲ್ ಮಾಲೂರುಗಳ ಮೇಲೆ ಬೆಂಗಳೂರಿಗೆ ಹೋಗಿ, ಕತ್ತಲಾದ ಮೇಲೆ ಹಿಂದಿರುಗುವ ಈ ಸಂಚಾರವನ್ನು ಈ ಹುಡುಗಿಯೂ ಕಾಲೇಜಿಗೆ ಸೇರಿದಂದಿನಿಂದ ಮಾಡುತ್ತಿದ್ದಾಳೆ. ಹೋಗುವಾಗ ಎರಡು ತಾಸಿಗೆ ಮೇಲೆ, ಬರುವಾಗಲೂ ಹಾಗೆಯೇ. ಈ ನಾಲ್ಕು ಐದು ತಾಸುಗಳಲ್ಲಿ ನಿದ್ರಿಸುವವರನ್ನು ಯಾರೂ ಆಕ್ಷೇಪಿಸಿಲ್ಲ, ಹರಟುವವರನ್ನೂ ಆಕ್ಷೇಪಿಸಿಲ್ಲ. ಕಿಟಕಿಯಿಂದ ಹೊರಗೆ ನೋಡಿದವಳ ಮೇಲೆ ಮಾತ್ರ ದೂರು ಬಂದಿರುವುದು ನಮಗೆ ವಿಚಿತ್ರವಾಗಿ ತೋರುತ್ತದೆ.

ಆಕೆಯು ನೋಡಿದ್ದೇನು? ಟೇಕಲ್ಲಿನ ಬಳಿ ಒಂದರ ಮೇಲೊಂದು ಹೇರಿಟ್ಟಂತಿರುವ ಬಂಡೆಗಳು ಯಾವ ತಿಂಗಳಿನಲ್ಲಿ, ರೈಲು ಹಾಯುವ ಹೊತ್ತಿಗೆ, ಯಾವ ಮಗ್ಗುಲಿನಿಂದ ಬೆಳಕನ್ನು ಪಡೆಯುವುವು ಎಂಬುದನ್ನು ಒಂದು ನೋಟುಪುಸ್ತಕದಲ್ಲಿ ದಿನಾಂಕದೊಡನೆ ಬರೆದಿಟ್ಟಿದ್ದಾಳೆ. ಚಳಿಗಾಲದ ಬೆಳಿಗ್ಗೆ ಮಾಲೂರಿನ ಇಟ್ಟಿಗೆಗೂಡುಗಳ ಹೊಗೆಯು ಮೇಲಕ್ಕೇರದೆ, ಹಾಸಿದ ದುಪ್ಪಟಿಯಂತೆ ನೆಲಕ್ಕೆ ಸಮನಾಗಿ ಹರಡಿರುವ ಚಿತ್ರವೊಂದಿದೆ. ಅದನ್ನು ತೆಗೆದ ಮೇಲೆ ಹೀಗೇಕಾಯಿತೆಂದು ತನ್ನ ಅಧ್ಯಾಪಕರನ್ನು ಕೇಳಿ, ರಾತ್ರಿಯಲ್ಲಿ ನೆಲವು ಬೇಗನೆ ತಣ್ಣಗಾಗಿ, ಅದಕ್ಕೆ ತಗುಲಿದ ಗಾಳಿಯು ಮೇಲಿನ ಗಾಳಿಗಿಂತ ತಂಪಾಗಿ ಭಾರವಾಗುವುದರಿಂದ ಹೊಗೆಯು ಅದನ್ನು ಭೇದಿಸಿ ಮೇಲೇರಲಾರದೆಂದು ತಿಳಿದುಕೊಂಡಳಂತೆ. ಪಠ್ಯಪುಸ್ತಕದಲ್ಲಿ ಈ ಸಂಗತಿಯು ಎರಡು ಸಾಲಿನಲ್ಲಿದೆ. ಅದನ್ನು ಬಾಯಿಪಾಠ ಮಾಡಿ ಅಂಕ ಪಡೆದು ಮರೆತವರು ಎಷ್ಟು ಮಂದಿಯೋ, ಈಕೆಯು ಮರೆಯಲಾರಳು. ಉಪಾಧ್ಯಾಯಿನಿಯರಾದ ನಮಗೆ ಇದಕ್ಕಿಂತ ಬೇರೆ ಯಾವ ಶಿಫಾರಸು ಬೇಕು?

ಈ ಹುಡುಗಿಯು ಭೂಗರ್ಭಶಾಸ್ತ್ರದ ವಿದ್ಯಾರ್ಥಿನಿಯೆಂಬುದನ್ನು ಇಲ್ಲಿ ಹೇಳಬೇಕು. ಆ ಶಾಸ್ತ್ರವನ್ನು ಕೋಣೆಯಲ್ಲಿ ಕುಳಿತು ಕಲಿಯಲು ಬರುವುದಿಲ್ಲ. ಪ್ರವಾಸವು ಪಾಠದ ಒಂದು ಭಾಗವೇ ಆಗಿದೆ. ಚಿತ್ರದುರ್ಗದ ಬಳಿಯ ಮರಡಿಹಳ್ಳಿಯಲ್ಲಿ ದಿಂಬುಗಳನ್ನು ಒತ್ತಿಟ್ಟಂತೆ ಹೆಪ್ಪುಗಟ್ಟಿರುವ ಲಾವಾಶಿಲೆಗಳನ್ನೂ, ಮಲ್ಪೆಯ ಎದುರಿನ ಸೇಂಟ್ ಮೇರಿ ದ್ವೀಪದಲ್ಲಿ ಕಂಬಗಳಂತೆ ನಿಂತಿರುವ ಕಲ್ಲುಗಳನ್ನೂ ತನ್ನ ತರಗತಿಯವರೊಡನೆ ಹೋಗಿ ನೋಡಿ ಬಂದಿದ್ದಾಳೆ. ಇವೆರಡೂ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳೆಂದು ಗೊತ್ತುಮಾಡಲ್ಪಟ್ಟ ಸ್ಥಳಗಳು. ಮರಡಿಹಳ್ಳಿಗೆ ಹೋಗಿಬಂದ ಮೇಲೆಯೇ, ಅಂತಹುದೇ ದಿಂಬುಶಿಲೆಗಳೂ ಜ್ವಾಲಾಮುಖಿಯ ಸಿಡಿತದಿಂದ ಬಿದ್ದ ಕಲ್ಲುಗಳೂ ನಮ್ಮ ಕೋಲಾರ ಚಿನ್ನದ ಗಣಿಯ ನೆರೆಯ ಪೆದ್ದಪಲ್ಲಿಯಲ್ಲಿವೆ, ಅದೂ ಅದೇ ಪಟ್ಟಿಗೆ ಸೇರಿದ ಸ್ಮಾರಕ ಎಂದು ಆಕೆಗೆ ತಿಳಿಯಿತು. ಹುಟ್ಟಿದ ಮನೆಯ ಹಿತ್ತಿಲಿನಲ್ಲಿದ್ದುದನ್ನು ಕಾಣಲು ಚಿತ್ರದುರ್ಗದವರೆಗೆ ಹೋಗಬೇಕಾಯಿತು! ಪ್ರವಾಸದ ಪ್ರಯೋಜನವು ಇದಲ್ಲವೆ? ಈ ಶಿಲಾಚಿತ್ರಗಳಲ್ಲಿ ಆಕೆಯು ಕಲ್ಲಿನ ಪಕ್ಕಕ್ಕೆ ತನ್ನ ಸುತ್ತಿಗೆಯನ್ನೋ ಲೇಖನಿಯನ್ನೋ ಇಟ್ಟು ತೆಗೆದಿದ್ದಾಳೆ. ಸಮಿತಿಯ ಒಬ್ಬ ಸೋದರಿಯವರು ಅದನ್ನು ಅಜಾಗ್ರತೆಯೆಂದು ಭಾವಿಸಿದರು. ನೋಡುವವರಿಗೆ ಕಲ್ಲಿನ ಗಾತ್ರವು ತಿಳಿಯಲೆಂದು ಭೂಗರ್ಭಶಾಸ್ತ್ರಜ್ಞರು ಅನುಸರಿಸುವ ಪದ್ಧತಿ ಅದು.

ಓದು ಮತ್ತು ಚಿತ್ರ, ಎರಡರಲ್ಲಿ ಒಂದು ಕೆಡಲೇಬೇಕೆಂಬ ನಂಬಿಕೆಗೆ ಎದುರಾಗಿ ಅಮೆರಿಕದ ಆನ್ಸೆಲ್ ಆಡಮ್ಸ್ ಎಂಬವರ ಬಾಲ್ಯವನ್ನು ನೆನೆಯಬಹುದು. 1902ರಲ್ಲಿ ಹುಟ್ಟಿದ ಈ ಬಾಲಕನು ಶಾಲೆಯ ಕಟ್ಟಿಗೆ ಒಗ್ಗಲಿಲ್ಲ. ತಂದೆಯು ಅವನನ್ನು ಶಾಲೆಯಿಂದ ಬಿಡಿಸಿ, 1915ರಲ್ಲಿ ತಮ್ಮ ಊರಿನಲ್ಲಿ ನಡೆದ ಮಹಾ ಪ್ರದರ್ಶನಕ್ಕೆ ವರ್ಷದ ಚೀಟಿಯನ್ನು ಕೊಡಿಸಿ, ದಿನವೂ ಅಲ್ಲಿಗೆ ಹೋಗಿ ನೋಡಿ ಕಲಿಯೆಂದರು. ಮರುವರ್ಷ ಯೋಸೆಮಿಟಿ ಕಣಿವೆಗೆ ಪ್ರವಾಸ ಹೋದಾಗ ಕೈಗೆ ಒಂದು ಬ್ರೌನಿ ಕ್ಯಾಮರಾವನ್ನು ಕೊಟ್ಟರು. 1900ರಲ್ಲಿ ಒಂದು ಡಾಲರಿಗೆ ಮಾರಾಟಕ್ಕೆ ಬಂದ, ಮಕ್ಕಳಿಗೆಂದೇ ಮಾಡಿದ ರಟ್ಟಿನ ಪೆಟ್ಟಿಗೆಗಳ ಜಾತಿಯದು ಅದು. ಆ ಬಾಲಕನು ಮುಂದೆ ಪರ್ವತಗಳ ಛಾಯಾಚಿತ್ರಕಾರರಲ್ಲಿ ಅಗ್ರಗಣ್ಯನಾದನು. 1936ರಲ್ಲಿ ತನ್ನ ಚಿತ್ರಗಳನ್ನು ರಾಜಧಾನಿಗೆ ಒಯ್ದು ಅಧಿಕಾರಿಗಳ ಮುಂದಿಟ್ಟು ವಾದಿಸಿದ ಕಿಂಗ್ಸ್ ಕ್ಯಾನ್ಯನ್ ಪ್ರದೇಶವು 1940ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ನಮ್ಮ ಮಕ್ಕಳನ್ನೆಲ್ಲ ಶಾಲೆಯಿಂದ ಬಿಡಿಸಿರೆಂದು ನಾವು ಹೇಳುತ್ತಿಲ್ಲ. ಮುಖ್ಯೋಪಾಧ್ಯಾಯಿನಿಯ ಬಾಯಿಂದ ಅಂತಹ ಮಾತು ಬಂದೀತೆ? ಚಿತ್ರವು ವ್ಯಾಸಂಗದ ಶತ್ರುವೆಂಬ ಮಾತು ಯಾವ ಪರೀಕ್ಷೆಯಲ್ಲಿಯೂ ಸಿದ್ಧವಾದುದಲ್ಲವೆಂದು ಮಾತ್ರ ನಮ್ಮ ಅಭಿಪ್ರಾಯ. ಈ ಹುಡುಗಿಯ ಅಂಕಪಟ್ಟಿಯನ್ನು ನಾವು ತರಿಸಿ ನೋಡಿದೆವು. ಗಣಿತದಲ್ಲಿ ಕೊಂಚ ಹಿಂದೆ ಬಿದ್ದಿದ್ದಾಳೆ. ಆದರೆ ನಮ್ಮಲ್ಲಿ ಓದುತ್ತಿದ್ದಾಗಲೂ, ಕೈಯಲ್ಲಿ ಯಾವ ಕ್ಯಾಮರಾವೂ ಇಲ್ಲದ ದಿನಗಳಲ್ಲಿ, ಗಣಿತದಲ್ಲಿ ಹಿಂದೆಯೇ ಇದ್ದಳು.

ಇನ್ನು ಹೆಣ್ಣುಮಗಳು ಸುತ್ತಾಡುವ ವಿಷಯ. ದೇಶ ಸುತ್ತಬೇಕು, ಕೋಶ ಓದಬೇಕು ಎಂಬ ಗಾದೆಯನ್ನು ನಮ್ಮ ಹಿರಿಯರು ಬಾಯಿತುಂಬ ಹೇಳುತ್ತಾರೆ. ಗಂಡುಮಗನಿಗಾದರೆ ಎರಡು ಪಾದವನ್ನೂ, ಹೆಣ್ಣುಮಗಳಿಗಾದರೆ ಕೋಶದ ಪಾದವೊಂದನ್ನೇ ಹೇಳಿ ನಿಲ್ಲಿಸುತ್ತಾರೆ. ಕೋಶವನ್ನಾದರೂ ಹೇಳುತ್ತಾರಲ್ಲ ಎಂದು ಸಂತೋಷಪಡಬೇಕಾದ ಕಾಲವೊಂದಿತ್ತು, ಅದು ಕಳೆದುಹೋಯಿತು. ಹೋಮೈ ವ್ಯಾರಾವಾಲಾ ಅವರ ಹೆಸರನ್ನು ನಮ್ಮ ಹುಡುಗಿಯರು ತಿಳಿದಿರಬೇಕು. 1913ರಲ್ಲಿ ಗುಜರಾತಿನ ನವಸಾರಿಯಲ್ಲಿ ಹುಟ್ಟಿ, ಬೊಂಬಾಯಿಯ ಜೆ. ಜೆ. ಕಲಾಶಾಲೆಯಲ್ಲಿ ಓದುತ್ತಲೇ ಛಾಯಾಚಿತ್ರಣವನ್ನು ಕಲಿತು, ಮುಂದೆ ದೆಹಲಿಯಲ್ಲಿ ಸೀರೆಯನ್ನುಟ್ಟು ಸೈಕಲ್ಲಿನ ಮೇಲೆ ಭಾರವಾದ ಕ್ಯಾಮರಾವನ್ನು ಹೊತ್ತುಕೊಂಡು ಹೋಗಿ, 1947ರ ಆಗಸ್ಟಿನಲ್ಲಿ ಕೆಂಪುಕೋಟೆಯ ಮೇಲೆ ನಮ್ಮ ಧ್ವಜವು ಏರಿದುದನ್ನು ಚಿತ್ರಿಸಿದ ಮಹಿಳೆ ಅವರು. ಮೊದಮೊದಲು ಅವರು ತೆಗೆದ ಚಿತ್ರಗಳು ಪತಿಯ ಹೆಸರಿನಲ್ಲಿ ಅಚ್ಚಾಗುತ್ತಿದ್ದವು. ಹೆಂಗಸು ತೆಗೆದ ಚಿತ್ರಕ್ಕೆ ಬೆಲೆ ಕೊಡುವವರಿರಲಿಲ್ಲ. ಪದ್ಮವಿಭೂಷಣ ಬಂದಾಗ 2011ನೆಯ ಇಸವಿಯಾಗಿತ್ತು. ಅವರಿಗೆ ವಯಸ್ಸು ತೊಂಬತ್ತೇಳು.

ಆದರೆ ಧೈರ್ಯವೆಂದರೆ ಅಜಾಗ್ರತೆಯಲ್ಲ. ನಮ್ಮ ಊರಿನ ನೆಲವು ಎಲ್ಲ ಊರುಗಳ ನೆಲದಂತಲ್ಲವೆಂಬುದನ್ನು ಹೊರಗಿನವರು ಅರಿಯರು, ನಾವು ಅರಿತಿದ್ದೇವೆ. ಮೂರು ಸಾವಿರ ಮೀಟರಿಗೂ ಮೀರಿ ಆಳಕ್ಕಿಳಿದ ಗಣಿಗಳ ಬಾಯಿಗಳು ಇಲ್ಲಿವೆ. ಹಳೆಯ ಶಾಫ್ಟುಗಳ ಸುತ್ತಿನ ಬೇಲಿಯು ಎಲ್ಲೆಡೆಯೂ ಭದ್ರವಾಗಿರುತ್ತದೆಂದು ನಂಬಲಾಗದು. ದಿಬ್ಬಗಳ ಪುಡಿಯು ಹಿಟ್ಟಿನಷ್ಟು ನಯವಾದುದರಿಂದ ಗಾಳಿಯ ತಿಂಗಳುಗಳಲ್ಲಿ ಎದ್ದು ಶ್ವಾಸಕ್ಕೆ ಸೇರುತ್ತದೆ. ಮಳೆಯ ಕೊರಕಲುಗಳ ಅಂಚು ಕಾಲಿಟ್ಟೊಡನೆ ಕುಸಿಯುತ್ತದೆ. ಗಣಿಯ ಜಾಗವು ಸರ್ಕಾರಿ ಸಂಸ್ಥೆಯ ಸ್ವತ್ತಾದುದರಿಂದ ಅನುಮತಿಯಿಲ್ಲದೆ ಒಳಹೋಗುವುದು ತಪ್ಪು ಕೂಡ. ಆದುದರಿಂದ ಆ ತಾಯಿಗೆ ನಾವು ಹೇಳಿದ್ದು ಇಷ್ಟು: ಒಬ್ಬಳೇ ಹೋಗಕೂಡದು, ಜೊತೆಗೆ ಒಬ್ಬರಿರಲಿ, ಎಲ್ಲಿಗೆ, ಎಷ್ಟು ಹೊತ್ತಿಗೆ ಎಂದು ಮನೆಯಲ್ಲಿ ಹೇಳಿ ಹೋಗಲಿ, ಗಾಳಿಯ ದಿನ ದಿಬ್ಬದ ಕಡೆಗೆ ಬೇಡ, ದಿಬ್ಬವನ್ನು ಹತ್ತುವುದಂತೂ ಎಂದಿಗೂ ಬೇಡ, ರಸ್ತೆಯಿಂದಲೇ ಕಾಣುತ್ತದೆ, ಶಾಫ್ಟಿನ ಬೇಲಿಯೊಳಗೆ ಕಾಲಿಡಕೂಡದು, ರೈಲಿನಲ್ಲಿ ಕುಳಿತ ಸ್ಥಳದಿಂದಲೇ ತೆಗೆಯಲಿ. ಇಷ್ಟನ್ನು ಒಪ್ಪಿ ನಡೆಯುವ ಮಗಳನ್ನು ಹೆಣ್ಣೆಂಬ ಒಂದೇ ಕಾರಣಕ್ಕೆ ತಡೆದರೆ, ಆಕೆಯ ತಮ್ಮನನ್ನೂ ಅದೇ ಬೀರುವಿನಲ್ಲಿಡಬೇಕಾಗುವುದು.

ಈಗ ದಿಬ್ಬಗಳ ಮಾತಿಗೆ ಬರೋಣ. ಮುಖಪುಟದ ಕಲಹವೆಲ್ಲ ಇದರ ಮೇಲೆಯೇ ನಡೆದುದು. ನಂದಿಬೆಟ್ಟದ ಸೂರ್ಯೋದಯವಿದೆ, ಅಂತರಗಂಗೆಯ ಬಂಡೆಗಳಿವೆ, ಆವನಿಯ ಬೆಟ್ಟವಿದೆ. ಸುಂದರವಾದ ಇಷ್ಟನ್ನು ಬಿಟ್ಟು ಕಸದ ರಾಶಿಯೇ ಬೇಕಾಯಿತೆ ಎಂದು ಕೇಳಿದವರಿದ್ದಾರೆ. ಕಸದ ರಾಶಿಯೆಂಬ ಮಾತನ್ನು ನಾವು ಒಪ್ಪಲಾರೆವು. ಗಣಿಯಿಂದ ಮೇಲಕ್ಕೆ ತಂದ ಕಲ್ಲನ್ನು ಕುಟ್ಟಿ ಹಿಟ್ಟುಮಾಡಿ, ಸೈನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ತೆಗೆದ ಮೇಲೆ ಉಳಿದ ಪುಡಿಯೇ ಈ ದಿಬ್ಬಗಳು. ನೂರಿಪ್ಪತ್ತು ವರ್ಷಗಳಲ್ಲಿ ಇಲ್ಲಿಂದ 800 ಟನ್ನಿಗೂ ಹೆಚ್ಚು ಚಿನ್ನವು ಹೊರಟಿತು; ಚಿನ್ನವು ಹೋದ ಕಡೆಗೆ ಹೋಯಿತು, ಉಳಿದುದು ಈ ಹದಿಮೂರು ದಿಬ್ಬಗಳು, ಸುಮಾರು 3.3 ಕೋಟಿ ಟನ್ನಿನಷ್ಟೆಂದು ಅಂದಾಜು. ಇದರ ಪ್ರತಿಯೊಂದು ಹಿಡಿಯೂ ಯಾರೋ ಒಬ್ಬರ ತಾತನು ಸುಡುವ ಸೆಕೆಯಲ್ಲಿ, ಬಂಡೆ ಸಿಡಿದೀತೆಂಬ ಅಂಜಿಕೆಯಲ್ಲಿ, ಆಳದಿಂದ ಒಡೆದು ಕಳುಹಿಸಿದುದು. ಅವರಲ್ಲಿ ತಮಿಳರಿದ್ದರು, ತೆಲುಗರಿದ್ದರು, ಕನ್ನಡಿಗರಿದ್ದರು. ಅವರ ಮೊಮ್ಮಕ್ಕಳು ಇಂದು ನಮ್ಮ ತರಗತಿಗಳಲ್ಲಿ ಒಂದೇ ಬೆಂಚಿನ ಮೇಲೆ ಕುಳಿತಿದ್ದಾರೆ. ಈ ದಿಬ್ಬಗಳನ್ನು ನೋಡಿ ನಾಚಬೇಕಾದವರು ಇದ್ದರೆ, ಅವರು ನಾವಲ್ಲ.

ಹೊರಗಿನವರು ಇವನ್ನು ನೋಡದೆ ಬಿಟ್ಟಿಲ್ಲ. ಚಲನಚಿತ್ರದವರು ಎಷ್ಟೋ ಕಾಲದಿಂದ ಇಲ್ಲಿಗೆ ಬರುತ್ತಿದ್ದಾರೆ. 2018ರಲ್ಲಿ ನಮ್ಮ ಊರಿನ ಹೆಸರನ್ನೇ ಇಟ್ಟುಕೊಂಡು ಬಂದ ಚಿತ್ರವನ್ನು ದೇಶವೆಲ್ಲ ನೋಡಿತು. ಅದರಿಂದ ನಮ್ಮ ಹುಡುಗಿಯರು ಬೆಂಗಳೂರಿನಲ್ಲಿ ಊರ ಹೆಸರು ಹೇಳಿದೊಡನೆ ಹೊಡೆದಾಟದ ಮಾತೇ ಮೊದಲು ಬರುತ್ತದಂತೆ. ಚಿತ್ರದವರ ಮೇಲೆ ನಮಗೆ ಕೋಪವಿಲ್ಲ. ಅವರ ಕಸುಬು ಕತೆ ಕಟ್ಟುವುದು. ಆದರೆ ಊರಿನವರೇ ಊರನ್ನು ಚಿತ್ರಿಸದೆ ಹೋದರೆ, ಬಂದುಹೋಗುವವರ ಕಣ್ಣಿಗೆ ಕಂಡುದೇ ಊರಾಗಿ ನಿಲ್ಲುವುದು. ಇದಕ್ಕಿಂತಲೂ ತ್ವರೆಯ ಕಾರಣವೊಂದಿದೆ. ಈ ದಿಬ್ಬಗಳಲ್ಲಿ ಉಳಿದಿರುವ ಚಿನ್ನವನ್ನು ಮತ್ತೆ ತೆಗೆಯುವ ಕೇಂದ್ರ ಸರ್ಕಾರದ ಯೋಜನೆಗೆ 2024ರಲ್ಲಿ ರಾಜ್ಯ ಸರ್ಕಾರವು ಒಪ್ಪಿಗೆಯನ್ನು ಕೊಟ್ಟಿತು. ಅದರಿಂದ ನಮ್ಮ ಮಕ್ಕಳಿಗೆ ಕೆಲಸವು ದೊರೆತು, ರೈಲಿನ ಸಂಚಾರವು ಕೆಲವರಿಗಾದರೂ ತಪ್ಪಿದರೆ ನಾವು ಮೊದಲು ಸಂತೋಷಪಡುವೆವು. ಆದರೆ ಆ ಕೆಲಸವು ಪೂರ್ತಿಯಾಗಿ ನಡೆದರೆ, ನಾಲ್ಕು ತಲೆಮಾರುಗಳು ಬಾಗಿಲು ತೆರೆದೊಡನೆ ಕಂಡ ಆಕಾಶರೇಖೆಯು ಬದಲಾಗಿಹೋಗುವುದು. ಈ ಕಾರಣದಿಂದ ಮುಖಪುಟಕ್ಕೆ ಚಾಂಪಿಯನ್ ರೀಫ್ ಕಡೆಯ ದಿಬ್ಬದ ಚಿತ್ರವನ್ನೇ ಹಾಕಬೇಕೆಂದು ನಾವು ಹಟ ಹಿಡಿದೆವು. ಸಮಿತಿಯು ಕೊನೆಗೆ ಒಪ್ಪಿತು. ನಂದಿಬೆಟ್ಟಕ್ಕೆ ಚಿತ್ರಕಾರರ ಕೊರತೆಯೇನೂ ಇಲ್ಲ.

ಸಾಮಾನ್ಯವೆಂದು ತೋರುವ ಚಿತ್ರಕ್ಕೆ ಕಾಲವು ಎಂತಹ ಬೆಲೆಯನ್ನು ತರುವುದೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ಉತ್ತಮವಾದ ನಿದರ್ಶನವಿದೆ. 1856ರಲ್ಲಿ ಮದರಾಸು ಸೈನ್ಯದ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಅಧಿಕಾರಿಯು ಹಂಪೆಗೆ ಹೋಗಿ, ಮೇಣ ಹಚ್ಚಿದ ಕಾಗದದ ದೊಡ್ಡ ದೊಡ್ಡ ನೆಗೆಟಿವ್‌ಗಳಲ್ಲಿ ಅಲ್ಲಿಯ ಹಾಳು ಗುಡಿಗಳನ್ನೂ ಬಂಡೆಗಳನ್ನೂ ಹಿಡಿದನು. ಬಹುಕಾಲ ಅವುಗಳ ಸುದ್ದಿಯೇ ಇರಲಿಲ್ಲ. 1980ರ ಸುಮಾರಿಗೆ ಅವು ಮತ್ತೆ ಬೆಳಕಿಗೆ ಬಂದು, ಜಾನ್ ಗಾಲಿಂಗ್ಸ್ ಎಂಬ ಆಸ್ಟ್ರೇಲಿಯದ ಛಾಯಾಚಿತ್ರಕಾರರು ಗ್ರೀನ್‌ಲಾ ನಿಂತ ಸ್ಥಳಗಳನ್ನು ಹುಡುಕಿ, ಅಲ್ಲಿಯೇ ನಿಂತು ಮತ್ತೊಮ್ಮೆ ಚಿತ್ರಗಳನ್ನು ತೆಗೆದರು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದವರಿಗೆ ಕಂಡುಬಂದ ವಿಶೇಷಗಳಲ್ಲಿ ಒಂದು, ವಿಠ್ಠಲನ ಗುಡಿಯ ಕಲ್ಲಿನ ರಥದ ಮೇಲೆ ಹಿಂದೆ ಇಟ್ಟಿಗೆಯ ಶಿಖರವೊಂದಿತ್ತೆಂಬುದು. ಐವತ್ತು ರೂಪಾಯಿಯ ಹೊಸ ನೋಟನ್ನು ತೆಗೆದು ನೋಡಿರಿ. ಶಿಖರವಿಲ್ಲದ ರಥವೇ ಅಲ್ಲಿದೆ. ಕಾಗದದ ಆ ಹಾಳೆ ಉಳಿಯದಿದ್ದರೆ ಶಿಖರದ ರೂಪವನ್ನು ಇಂದು ನಾವು ಕಣ್ಣಿನಿಂದ ಕಾಣುವಂತಿರಲಿಲ್ಲ. ಗ್ರೀನ್‌ಲಾಗೆ ಆ ದಿನ ತಾನು ಶಿಖರವನ್ನು ಉಳಿಸುತ್ತಿರುವೆನೆಂಬ ಯೋಚನೆಯಿದ್ದಿತೆ? ಇರಲಾರದು. ಎದುರಿಗಿದ್ದುದನ್ನು ಸರಿಯಾಗಿ ತೆಗೆದನು, ಅಷ್ಟೆ.

ನಮ್ಮ ಹುಡುಗಿಯು ಗ್ರೀನ್‌ಲಾನ ಹೆಸರನ್ನು ಕೇಳುವ ಮೊದಲೇ ಇಂತಹ ಕೆಲಸವೊಂದನ್ನು ತನಗರಿಯದೆ ಮಾಡಿದ್ದಾಳೆ. 2019ರ ಬೇಸಗೆಯಲ್ಲಿ, ತಂದೆಯ ಮೊಬೈಲಿನಿಂದ, ಬಂಗಾರಪೇಟೆಯ ದಾರಿಯಲ್ಲಿರುವ ಕೆರೆಯೊಂದನ್ನು ಏರಿಯ ಮೇಲಿನ ಹುಣಿಸೆಮರದ ಬುಡದಲ್ಲಿ ನಿಂತು ತೆಗೆದಿದ್ದಳು. ಬಿರಿದ ನೆಲ, ಜಾಲಿ, ನಡುವೆ ಒಂದು ಆಡು. 2021ರ ನವೆಂಬರಿನ ಮಹಾಮಳೆಯಲ್ಲಿ ಕೋಲಾರ ಜಿಲ್ಲೆಯ ಕೆರೆಗಳು ಬಹುಕಾಲದ ಮೇಲೆ ಕೋಡಿ ಹರಿದಾಗ ಅದೇ ಮರದ ಬುಡದಿಂದ ಮತ್ತೊಂದು ಚಿತ್ರ; ಆ ಮೇಲೆ ವರ್ಷಕ್ಕೊಂದರಂತೆ. 2018ರಿಂದ ಬೆಂಗಳೂರಿನ ಶುದ್ಧೀಕರಿಸಿದ ಚರಂಡಿ ನೀರನ್ನು ಕೋರಮಂಗಲ–ಚಲ್ಲಘಟ್ಟ ಕಣಿವೆಯ ಯೋಜನೆಯಲ್ಲಿ ನಮ್ಮ ಜಿಲ್ಲೆಯ ಕೆರೆಗಳಿಗೆ ಹರಿಸುತ್ತಿರುವುದನ್ನು ಕುರಿತು ಪರವಾಗಿಯೂ ವಿರೋಧವಾಗಿಯೂ ಎಷ್ಟು ಮಾತು ನಡೆದಿದೆ! ಮಾತಾಡುವವರಲ್ಲಿ ಎಷ್ಟು ಮಂದಿಯ ಬಳಿ, ಒಂದೇ ಮರದ ಬುಡದಿಂದ ವರ್ಷವರ್ಷವೂ ತೆಗೆದ ಚಿತ್ರಗಳಿವೆ? ಕೆರೆ, ದಿಬ್ಬ, ಬೇತಮಂಗಲದ ಪಾಲಾರ್ ಹೊಳೆ, ಲೇಔಟುಗಳಾಗುತ್ತಿರುವ ಹೊಲ, ಇವೆಲ್ಲಕ್ಕೂ ಹೀಗೊಂದು ಲೆಕ್ಕವಿದ್ದರೆ ಪಂಚಾಯಿತಿಯವರಿಗೂ ಪಾಠ ಹೇಳುವವರಿಗೂ ಬೇಕಾದೀತು.

ಚಿತ್ರಕಲೆಯ ದೃಷ್ಟಿಯಿಂದಲೂ ಎರಡು ಮಾತನ್ನು ಹೇಳಬೇಕು. ನಮ್ಮ ಊರಿನ ಬೆಳಕು ಸುಲಭವಾದುದಲ್ಲ. ಏಪ್ರಿಲ್ ಕೊನೆಯ ವಾರದಲ್ಲೊಮ್ಮೆ, ಆಗಸ್ಟ್ ಮಧ್ಯವು ಕಳೆದ ಮೇಲೊಮ್ಮೆ, ನಡುಹಗಲಿನಲ್ಲಿ ಸೂರ್ಯನು ನೇರವಾಗಿ ನೆತ್ತಿಯ ಮೇಲೆ ಬಂದು, ನೆಟ್ಟ ಕೋಲಿಗೆ ನೆರಳೇ ಇಲ್ಲವಾಗುತ್ತದೆ. ನೆರಳಿಲ್ಲದಲ್ಲಿ ದಿಬ್ಬದ ಕೊರಕಲುಗಳು ಕಾಣವು. ದಿಬ್ಬವು ಬಟ್ಟೆಯಂತೆ ಚಪ್ಪಟೆಯಾಗುತ್ತದೆ. ಬೆಳಗಿನ ಮೊದಲ ತಾಸಿನಲ್ಲಿ ಅದೇ ಕೊರಕಲುಗಳು ಸೀರೆಯ ನೆರಿಗೆಗಳಂತೆ ಎದ್ದು ನಿಲ್ಲುತ್ತವೆ. ಇನ್ನೊಂದು ಮೋಸವೂ ಉಂಟು. ಕ್ಯಾಮರಾದ ಬೆಳಕಿನ ಮಾಪಕವು ಎದುರಿಗಿರುವುದೆಲ್ಲವೂ ಮಧ್ಯಮ ಬೂದುಬಣ್ಣದ್ದೆಂದು ಭಾವಿಸಿ ಲೆಕ್ಕಹಾಕುವುದರಿಂದ, ಬಿಳುಪಾದ ದಿಬ್ಬವು ಚೌಕಟ್ಟನ್ನು ತುಂಬಿದಾಗ ಚಿತ್ರವು ಮಂಕಾಗಿ ಬರುತ್ತದೆ. ಹಿಮದ ಚಿತ್ರ ತೆಗೆಯುವವರು ಮಾಡುವಂತೆ ಮಾಪಕವು ಹೇಳಿದುದಕ್ಕಿಂತ ಒಂದು, ಒಂದೂವರೆ ಪಟ್ಟಿಯಷ್ಟು ಬೆಳಕನ್ನು ಹೆಚ್ಚಾಗಿ ಕೊಡಬೇಕು. ಮೊದಲ ವರ್ಷದ ಚಿತ್ರಗಳೆಲ್ಲ ಮಂಕಾಗಿವೆ. ಎರಡನೆಯ ವರ್ಷದಿಂದ ದಿಬ್ಬವು ದಿಬ್ಬದ ಬಣ್ಣಕ್ಕೆ ಬಂದಿದೆ. ಯಾರೂ ಹೇಳಿಕೊಡಲಿಲ್ಲವಂತೆ, ಕೆಡಿಸಿ ಕೆಡಿಸಿ ಕಲಿತಳಂತೆ. ಕ್ಯಾಮರಾವೂ ಹೊಸದೇನಲ್ಲ, ಎರಡು ವರ್ಷ ಕೆಳಗಿನ ತರಗತಿಯ ಮಕ್ಕಳಿಗೆ ಮನೆಪಾಠ ಹೇಳಿ ಕೂಡಿಸಿದ ಹಣದಿಂದ ಕೊಂಡ ಹಳೆಯ ಯಂತ್ರ.

ಮೆಚ್ಚಿದವರಿಗೆ ಗದರಿಸುವ ಹಕ್ಕೂ ಇರುವುದರಿಂದ ಈ ಚಿತ್ರಗಳಲ್ಲಿ ನಮಗೆ ಸರಿಬೀಳದ ಎರಡು ಸಂಗತಿಗಳನ್ನು ಆಕೆಗೂ ತಿಳಿಸಿದ್ದೇವೆ. ನಲವತ್ತೆರಡು ಚಿತ್ರಗಳಲ್ಲಿ ಮನುಷ್ಯರಿರುವುದು ಮೂರರಲ್ಲಿ ಮಾತ್ರ. ಗ್ರೀನ್‌ಲಾನ ಕಾಲದ ಕಾಗದಕ್ಕೆ ನಿಮಿಷಗಟ್ಟಲೆ ಬೆಳಕು ಬೇಕಾದುದರಿಂದ ನಡೆದಾಡುವವರು ಅದರಲ್ಲಿ ಮೂಡುತ್ತಿರಲಿಲ್ಲ. ಅವನಿಗೆ ಆ ನೆಪವಿತ್ತು. ಕ್ಷಣದ ಇನ್ನೂರೈವತ್ತನೆಯ ಒಂದು ಭಾಗದಲ್ಲಿ ಚಿತ್ರ ತೆಗೆಯುವವಳಿಗೆ ಯಾವ ನೆಪವಿದೆ? ಗಣಿ ಲೈನಿನ ಮನೆಗಳ ಸಾಲನ್ನು ತೆಗೆದಿದ್ದಾಳೆ. ಬಾಗಿಲಲ್ಲಿ ಯಾರೂ ಇಲ್ಲ, ತಂತಿಯ ಮೇಲೆ ಬಟ್ಟೆಯೂ ಇಲ್ಲ. ಕೇಳಿದರೆ, ಅನುಮತಿ ಕೇಳಲು ಸಂಕೋಚವಾಗಿ, ಎಲ್ಲರೂ ಒಳಗೆ ಹೋಗುವವರೆಗೆ ಕಾದು ತೆಗೆದೆನೆಂದಳು. ಕೇಳದೆ ತೆಗೆಯದಿದ್ದುದು ಒಳ್ಳೆಯದೇ. ಕೇಳಿ ತೆಗೆಯುವುದು ಇನ್ನೂ ಒಳ್ಳೆಯದು. “ಅಮ್ಮಾ, ನಿಮ್ಮ ಮನೆಯ ಮುಂದೆ ಒಂದು ಪಟ ತೆಗೆಯಲೇ?” ಎಂದು ಕನ್ನಡದಲ್ಲಿಯೋ ತಮಿಳಿನಲ್ಲಿಯೋ ಕೇಳಿದರೆ ನಮ್ಮ ಲೈನಿನ ಹೆಂಗಸರು ಬೇಡವೆನ್ನುವುದು ಅಪರೂಪ, ಕಾಫಿಯನ್ನೂ ಕೊಟ್ಟು ಕಳುಹಿಸುತ್ತಾರೆ. ತೆಗೆದ ಮೇಲೆ ಒಂದು ಪ್ರತಿಯನ್ನು ಅಚ್ಚುಹಾಕಿಸಿ ಅವರಿಗೆ ಒಯ್ದುಕೊಡಬೇಕು. ಎಷ್ಟೋ ಮನೆಗಳಲ್ಲಿ ಗೋಡೆಗೆ ತೂಗಹಾಕಲು ಗಣಿಯ ಕಾಲದ ಒಂದೇ ಒಂದು ಪಟವೂ ಇಲ್ಲ.

ಎರಡನೆಯದು ಹೆಸರುಗಳು. ಚಿತ್ರಗಳ ಹಿಂದೆ ಒಂದು, ಎರಡು, ಮೂರು ಎಂಬ ಅಂಕಿಗಳಲ್ಲದೆ ಬೇರೇನೂ ಇರಲಿಲ್ಲ. ದಿನಾಂಕವೂ ಸಮಯವೂ ಯಂತ್ರದಲ್ಲಿಯೇ ದಾಖಲಾಗಿರುತ್ತವೆಯೆಂದು ಹುಡುಗಿಯು ಹೇಳಿದಳು. ಆಗಿರಬಹುದು, ಆದರೆ ಮುರಿದುಬಿದ್ದ ಆ ಕಬ್ಬಿಣದ ಗೋಪುರವು ಯಾವ ಶಾಫ್ಟಿನದು, ಅದರ ಕೆಳಗೆ ಎಷ್ಟು ಪಾಳಿಗಳಲ್ಲಿ ಜನ ಇಳಿಯುತ್ತಿದ್ದರು, ಸೈರನ್ನಿನ ಸದ್ದು ಎಲ್ಲಿಯವರೆಗೆ ಕೇಳುತ್ತಿತ್ತು ಎಂಬುದನ್ನು ಯಾವ ಯಂತ್ರವು ದಾಖಲಿಸೀತು? ಆಕೆಯ ಅಜ್ಜನವರಿಗೆ ಅದು ಗೊತ್ತಿದೆ. ಅವರಿಗೀಗ ಎಪ್ಪತ್ತೆಂಟು, ಕೆಮ್ಮು ಹೆಚ್ಚಿದೆ, ಆದರೂ ನೆನಪು ಚೆನ್ನಾಗಿದೆ. ಚಿತ್ರಗಳನ್ನು ಹಿಂದಕ್ಕೆ ಕಳುಹಿಸಿ, ಅಜ್ಜನವರ ಪಕ್ಕದಲ್ಲಿ ಕುಳಿತು ಒಂದೊಂದಕ್ಕೂ ಅವರು ಹೇಳಿದ ಮಾತನ್ನು ಕನ್ನಡದಲ್ಲಿ ಬರೆದು ತರಬೇಕೆಂದು ನಾವು ಷರತ್ತು ಹಾಕಿದೆವು. ಮೂರು ಭಾನುವಾರಗಳು ಹಿಡಿದವಂತೆ. ಅಜ್ಜನವರು ತಮಿಳಿನಲ್ಲಿ ಹೇಳಿದುದನ್ನು ಮೊಮ್ಮಗಳು ಕನ್ನಡಕ್ಕೆ ತಿರುಗಿಸಿದ್ದಾಳೆ. ಎರಡು ಕಡೆ ವ್ಯಾಕರಣವನ್ನು ತಿದ್ದಿದ್ದೇವೆ, ಉಳಿದುದನ್ನು ಮುಟ್ಟಿಲ್ಲ. ಹದಿನೇಳನೆಯ ಚಿತ್ರದ ಬಳಿ, ದಿಬ್ಬದ ಕೆಳಗಿನ ಬೇವಿನಮರವನ್ನು ತೋರಿಸಿ, ಪಾಳಿ ಮುಗಿಸಿ ಬಂದವರು ಬೀಡಿ ಸೇದಲು ಕೂಡುತ್ತಿದ್ದ ಸ್ಥಳವದು, ಒಂದು ದಿನ ತನ್ನ ಪಕ್ಕದಲ್ಲಿ ಕೂತಿದ್ದವರು ಮರುದಿನ ಬರಲಿಲ್ಲ ಎಂದು ಹೇಳಿ ಸುಮ್ಮನಾದರಂತೆ. ಆ ಭಾನುವಾರ ಬರೆದುದು ಅಷ್ಟೇ.

ಹೀಗೆ ಸಿದ್ಧವಾದ ಚಿತ್ರಗಳಲ್ಲಿ ಆರನ್ನು ಈ ಸಂಚಿಕೆಯ ಮುಂದಿನ ಪುಟಗಳಲ್ಲಿ ವಾಚಕರು ಕಾಣುವರು. ಉಳಿದುವುಗಳನ್ನು ಅಚ್ಚುಹಾಕಿಸಿ, ಬರಹದೊಡನೆ ಒಂದು ದಪ್ಪ ಹಾಳೆಯ ಪುಸ್ತಕದಲ್ಲಿ ಅಂಟಿಸಿ ಗ್ರಂಥಾಲಯದಲ್ಲಿರಿಸಿದ್ದೇವೆ. ಪುಸ್ತಕದ ಅರ್ಧದಷ್ಟು ಹಾಳೆಗಳು ಇನ್ನೂ ಖಾಲಿಯಾಗಿವೆ. ಎಂಟು, ಒಂಬತ್ತು, ಹತ್ತನೆಯ ತರಗತಿಯ ಹುಡುಗಿಯರಲ್ಲಿ ಇಷ್ಟವುಳ್ಳವರು ಸಂಕ್ರಾಂತಿಯ ರಜೆಯ ನಂತರದ ಮೊದಲನೆಯ ಶನಿವಾರ ಬೆಳಿಗ್ಗೆ ಆರೂವರೆಗೆ, ತಾಯಿಯವರ ಒಪ್ಪಿಗೆಯ ಚೀಟಿಯೊಡನೆ, ಶಾಲೆಯ ಮಾಳಿಗೆಗೆ ಬರಬಹುದು. ಮನೆಯ ಮೊಬೈಲು ಸಾಕು. ಮಾಳಿಗೆಯ ಬೀಗದ ಕೈ ನಮ್ಮಲ್ಲಿದೆ.